ಮನೆಯ ಬೂಸ್ಟು: ಲಕ್ಷಣ ನೋಡಿ ತೇವದ ಮೂಲ ಹುಡುಕುವ ಕ್ರಮ

ಗೋಡೆಯ ಮೇಲೆ ಬೂಸ್ಟು ಕಂಡೊಡನೆ ಕೈ ಒರೆಸುವ ಬಟ್ಟೆಗೆ ಹೋಗುತ್ತದೆ. ಒರೆಸಿದ ಜಾಗದಲ್ಲೇ ಅದು ಮತ್ತೆ ಮೂಡಿದಾಗ ಬಣ್ಣದ ಡಬ್ಬಿಗೆ ಹೋಗುತ್ತದೆ. ಎರಡೂ ಬೇಕಾದ ಕೆಲಸಗಳೇ, ಆದರೆ ಎರಡೂ ಕೊನೆಗೆ ಮಾಡಬೇಕಾದವು. ಬೂಸ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲೂ ಸದಾ ತೇಲುತ್ತಿರುತ್ತವೆ. ಧೂಳು, ಕಾಗದ, ಮರ, ಅಂಟು, ಬಣ್ಣದ ಪದರ ಎಲ್ಲವೂ ಅದಕ್ಕೆ ಆಹಾರ. ನಮಗೆ ಹಿತವೆನಿಸುವ ಉಷ್ಣತೆಯೇ ಅದಕ್ಕೂ ಹಿತ. ಈ ಮೂರರಲ್ಲಿ ಯಾವುದನ್ನೂ ಮನೆಯಿಂದ ಹೊರಹಾಕಲು ಸಾಧ್ಯವಿಲ್ಲ, ನಮ್ಮ ಹಿಡಿತಕ್ಕೆ ಸಿಗುವುದು ನಾಲ್ಕನೆಯದಾದ ನೀರು ಮಾತ್ರ. ಹೀಗಾಗಿ ಮುಂದಿನ ಎಲ್ಲ ಪರೀಕ್ಷೆಗಳೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತವೆ: ಈ ಜಾಗಕ್ಕೆ ನೀರು ಯಾವ ದಾರಿಯಿಂದ ಬಂತು?

ದಾರಿಗಳು ಬಹುಮಟ್ಟಿಗೆ ಮೂರೇ. ಉಸಿರು, ಅಡುಗೆ, ಸ್ನಾನ ಮತ್ತು ಒಳಗೆ ಒಣಹಾಕಿದ ಬಟ್ಟೆಗಳಿಂದ ಗಾಳಿ ಸೇರಿದ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು ಒಂದು. ಮಳೆಯ ನೀರೋ ನೆಲದ ತೇವವೋ ಕಟ್ಟಡದೊಳಕ್ಕೆ ಬರುವುದು ಇನ್ನೊಂದು. ಕೊಳವೆ, ತೊಟ್ಟಿ ಅಥವಾ ಮೋರಿ ಸೋರುವುದು ಮೂರನೆಯದು. ಮೊದಲನೆಯದನ್ನು ಬಹುತೇಕ ಖರ್ಚಿಲ್ಲದೆ ಸರಿಪಡಿಸಬಹುದು, ಉಳಿದೆರಡಕ್ಕೆ ಗೋಡೆ ಒಡೆಯಬೇಕಾಗಿ ಬರಬಹುದು. ಆದ ಕಾರಣ ಅಗ್ಗದ ಪರೀಕ್ಷೆಗಳನ್ನು ಮುಗಿಸುವ ಮೊದಲು ಗೋಡೆಗೆ ಉಳಿ ಹಾಕಿಸಬೇಡಿ. ಟಾರ್ಚು, ಪೆನ್ಸಿಲ್, ಅಲ್ಯೂಮಿನಿಯಂ ಹಾಳೆ, ಅಂಟುಪಟ್ಟಿ ಮತ್ತು ಗಾಳಿಯ ಆರ್ದ್ರತೆ ತೋರಿಸುವ ಒಂದು ಸಣ್ಣ ಹೈಗ್ರೋಮೀಟರ್ ಇದ್ದರೆ ಕೆಲಸ ಆರಂಭಿಸಬಹುದು.

ಅಗ್ಗದ ಹೈಗ್ರೋಮೀಟರುಗಳು ತಪ್ಪು ಅಂಕಿ ತೋರಿಸುವುದುಂಟು, ಅದಕ್ಕಾಗಿ ಅದನ್ನು ನಂಬುವ ಮೊದಲು ಒಮ್ಮೆ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ, ಅದನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿಟ್ಟು ಮುಚ್ಚಿ. ಒದ್ದೆ ಉಪ್ಪು ತನ್ನ ಸುತ್ತಲಿನ ಗಾಳಿಯನ್ನು ಶೇಕಡಾ 75ರಷ್ಟು ಆರ್ದ್ರತೆಯಲ್ಲೇ ಹಿಡಿದಿಡುತ್ತದೆ. 12 ಗಂಟೆಗಳ ನಂತರ ಮಾಪಕ 70 ಎಂದು ತೋರಿಸಿದರೆ ಅದು 5 ಅಂಕ ಕಡಿಮೆ ಹೇಳುತ್ತಿದೆ ಎಂದರ್ಥ, ಮುಂದೆ ಓದುವಾಗಲೆಲ್ಲ ಅಷ್ಟನ್ನು ಕೂಡಿಸಿಕೊಳ್ಳಬೇಕು.

ಕಲೆ ಕಾಣುತ್ತಿದೆ, ಅದು ಬೂಸ್ಟೇ ಎಂಬುದು ಖಚಿತವಿಲ್ಲ

ಗೋಡೆಯ ಮೇಲಿನ ಬಿಳಿಯ ಪದರವೆಲ್ಲ ಬೂಸ್ಟಲ್ಲ. ಇಟ್ಟಿಗೆ ಮತ್ತು ಗಾರೆಯೊಳಗಿನ ಲವಣಗಳು ನೀರಿನೊಡನೆ ಹೊರಬಂದು, ನೀರು ಆರಿದ ಮೇಲೆ ಹರಳುಗಟ್ಟಿ ಉಳಿಯುತ್ತವೆ. ಬೆರಳಿನಿಂದ ಉಜ್ಜಿದಾಗ ಅದು ಪುಡಿಪುಡಿಯಾಗಿ ಗರಗರ ಎನ್ನುತ್ತದೆ, ಒಂದು ಹನಿ ನೀರು ಬಿಟ್ಟರೆ ಬಹುಪಾಲು ಕರಗುತ್ತದೆ. ಬೂಸ್ಟಾದರೆ ಹತ್ತಿಯಂತೆಯೋ ಮಖಮಲ್ಲಿನಂತೆಯೋ ಮೃದುವಾಗಿದ್ದು, ಉಜ್ಜಿದಾಗ ಮೆತ್ತಿಕೊಂಡು ಹರಡುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಈ ಪರೀಕ್ಷೆಯನ್ನು ಕೈಗವಸು ಹಾಕಿಕೊಂಡೇ ಮಾಡಿ. ಲವಣ ಕಂಡರೆ ಬೂಸ್ಟಿನ ಭಯವಿಲ್ಲ, ಆದರೆ ನೀರು ಗೋಡೆಯ ಒಳಗಿನಿಂದಲೇ ಬರುತ್ತಿದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ಕಪ್ಪು ಕಲೆ ಮಸಿಯೋ ಬೂಸ್ಟೋ ಎಂಬ ಸಂಶಯವಿದ್ದರೆ, ನೀರು ಬೆರೆಸಿದ ಬ್ಲೀಚಿನ ಒಂದು ಹನಿಯನ್ನು ಅದರ ಮೇಲೆ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಬೂಸ್ಟಿನ ಬಣ್ಣ ಬೇಗ ತಿಳಿಯಾಗುತ್ತದೆ, ಮಸಿ ಹಾಗೆಯೇ ಉಳಿಯುತ್ತದೆ. ಬಣ್ಣ ನೋಡಿ ಅಪಾಯವನ್ನು ಅಳೆಯಲು ಮಾತ್ರ ಹೋಗಬೇಡಿ. ಕಪ್ಪಗಿರುವುದೆಲ್ಲ ವಿಷಕಾರಿ ಜಾತಿಯಲ್ಲ, ಹಸಿರೋ ಬಿಳಿಯೋ ಆಗಿರುವುದು ನಿರಪಾಯವೂ ಅಲ್ಲ. ಪ್ರಯೋಗಾಲಯದಲ್ಲಿ ಜಾತಿ ಗುರುತಿಸಲು ಹಣ ಖರ್ಚು ಮಾಡುವ ಅಗತ್ಯ ಮನೆಗಳಿಗೆ ಬೀಳುವುದು ಅಪರೂಪ, ಏಕೆಂದರೆ ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇಷ್ಟು ಬೂಸ್ಟಿದ್ದರೆ ಸುರಕ್ಷಿತ ಎಂಬ ಅಂಕಿಯನ್ನು ಕೊಡದೆ, ಮನೆಯೊಳಗಿನ ತೇವವನ್ನೂ ಬೆಳವಣಿಗೆಯನ್ನೂ ತಡೆಯಬೇಕು ಎಂದೇ ಹೇಳುತ್ತದೆ.

ಕಣ್ಣಿಗೇನೂ ಕಾಣದು, ಮುಗ್ಗಲು ವಾಸನೆ ಮಾತ್ರ ಬರುತ್ತಿದೆ

ಮನೆಯಲ್ಲೇ ಇರುವವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಕೆಲವು ಗಂಟೆ ಹೊರಗಿದ್ದು ಬಂದವರು ಬಾಗಿಲು ತೆರೆದ ಕ್ಷಣದಲ್ಲಿ ಯಾವ ಕೋಣೆಯಲ್ಲಿ ವಾಸನೆ ಗಾಢವಾಗಿದೆ ಎಂದು ಗಮನಿಸಿದರೆ ಅರ್ಧ ಹುಡುಕಾಟ ಮುಗಿದಂತೆ. ಆಮೇಲೆ ಆ ಕೋಣೆಯಲ್ಲಿ ಗಾಳಿಯಾಡದ ಜಾಗಗಳನ್ನು ಒಂದೊಂದಾಗಿ ನೋಡಿ: ಬೀರುವಿನ ಹಿಂಬದಿ, ಹಾಸಿಗೆಯ ಅಡಿಭಾಗ, ಸಿಂಕಿನ ಕೆಳಗಿನ ಕಪಾಟು, ನೆಲಹಾಸಿನ ಅಂಚು, ಪರದೆಯ ಮಡಿಕೆ. ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯದೆ, ಗೋಡೆಗೆ ಒರಗಿಸಿದಂತೆ ಓರೆಯಾಗಿ ಹಿಡಿದರೆ ಮಾಮೂಲಿ ಬೆಳಕಿನಲ್ಲಿ ಕಾಣದ ತೆಳು ರೋಮದಂತಹ ಬೆಳವಣಿಗೆಯೂ ಬಣ್ಣದ ಸಣ್ಣ ಉಬ್ಬುಗಳೂ ನೆರಳು ಚೆಲ್ಲಿ ತಾವಾಗಿಯೇ ಗೋಚರಿಸುತ್ತವೆ.

ಬಟ್ಟೆ ಒಗೆಯುವ ಯಂತ್ರದ ಬಾಗಿಲಿನ ರಬ್ಬರ್ ಮಡಿಕೆಯನ್ನೂ ಫ್ರಿಜ್ಜಿನ ಬಾಗಿಲಿನ ರಬ್ಬರನ್ನೂ ಬಿಡಿಸಿ ನೋಡಿ. ಅಲ್ಲಿ ಬೂಸ್ಟಿದ್ದರೆ ಸೋಪು ನೀರಿನಿಂದ ಒರೆಸಿ ಒಣಗಿಸಿದರೆ ಸಾಕು. ಇದ್ಯಾವುದೂ ಅಲ್ಲದೆ, ವಾಸನೆ ವಿದ್ಯುತ್ ಸ್ವಿಚ್ಚಿನ ಸಂದುಗಳಿಂದಲೋ ಹುಸಿಚಾವಣಿಯಿಂದಲೋ ಬರುತ್ತಿದ್ದರೆ ಬೆಳವಣಿಗೆ ಮರೆಯಲ್ಲಿದೆ ಎಂದು ತಿಳಿಯಬೇಕು. ಸ್ವಿಚ್ಚಿನ ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ.

ಮೂಲೆಗಳಲ್ಲಿ ಮತ್ತು ಬೀರುವಿನ ಹಿಂದೆ ಕಪ್ಪು ಚುಕ್ಕೆಗಳು

ಹೆಚ್ಚು ಮನೆಗಳಲ್ಲಿ ಕಾಣುವ ಲಕ್ಷಣ ಇದು, ಹೆಚ್ಚು ಬಾರಿ ತಪ್ಪಾಗಿ ಅರ್ಥೈಸಲ್ಪಡುವುದೂ ಇದೇ. ಬೀರುವನ್ನು ಎಳೆದಾಗ ಅದರ ಬೆನ್ನಿನ ಆಕಾರದಲ್ಲೇ ಗೋಡೆಯ ಮೇಲೆ ಬೂದು ನೆರಳೊಂದು ಮೂಡಿರುತ್ತದೆ. ನಡುವೆ ದಟ್ಟ, ಅಂಚಿಗೆ ಬರುತ್ತಾ ಚದುರಿದ ಚುಕ್ಕೆಗಳು. ಬಣ್ಣ ಎದ್ದಿರುವುದಿಲ್ಲ, ಗಾರೆ ಉದುರುವುದಿಲ್ಲ, ನೀರು ಇಳಿದ ಗೆರೆಯೂ ಇರುವುದಿಲ್ಲ. ಇದನ್ನು ಸೋರಿಕೆ ಎಂದು ಭಾವಿಸಿ ಹೊರಗೋಡೆಗೆ ನೀರುತಡೆ ಬಳಿಸುವವರಿದ್ದಾರೆ. ಆ ಹಣ ವ್ಯರ್ಥವಾಗುತ್ತದೆ, ಏಕೆಂದರೆ ನೀರು ಬಂದಿರುವುದು ಕೋಣೆಯ ಗಾಳಿಯಿಂದ.

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಅದೇ ಗಾಳಿ ತಣ್ಣನೆಯ ಗೋಡೆಯನ್ನು ಸವರಿದಾಗ ಹೊರಲಾರದ ಆವಿಯನ್ನು ಅಲ್ಲೇ ಬಿಡುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಶೇಕಡಾ 60 ಇದ್ದರೆ, ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರುತ್ತದೆ. ಬೂಸ್ಟಿಗೆ ಹನಿಗಟ್ಟುವಷ್ಟು ನೀರೂ ಬೇಕಿಲ್ಲ. ಗೋಡೆಗೆ ಅಂಟಿದ ತೆಳುಗಾಳಿಯ ಆರ್ದ್ರತೆ ಶೇಕಡಾ 80ರ ಮೇಲೆ ದಿನಗಟ್ಟಲೆ ಉಳಿದರೆ ಅದು ಬೇರೂರುತ್ತದೆ. ಹೊರಗೋಡೆಗಳು ಕೂಡುವ ಮೂಲೆಗಳೂ ಕಿಟಕಿಯ ಸುತ್ತಲಿನ ಅಂಚುಗಳೂ ಮಿಕ್ಕ ಭಾಗಕ್ಕಿಂತ ತಣ್ಣಗಿರುತ್ತವೆ, ಬೀರುವಿನ ಹಿಂದಂತೂ ಗಾಳಿ ಸುಳಿಯುವುದೇ ಇಲ್ಲ. ಮೊದಲು ಅಲ್ಲೇ ಬೂಸ್ಟು ಹಿಡಿಯುವುದು ಈ ಕಾರಣದಿಂದ.

ಮೊದಲ ಪರಿಹಾರಕ್ಕೆ ಖರ್ಚಿಲ್ಲ. ಪೀಠೋಪಕರಣವನ್ನು ಹೊರಗೋಡೆಯಿಂದ ಕನಿಷ್ಠ ಒಂದು ಅಂಗೈ ಅಗಲದಷ್ಟು ಮುಂದಕ್ಕೆ ಎಳೆಯಿರಿ, ಸಾಧ್ಯವಿದ್ದರೆ ಒಳಗೋಡೆಗೇ ಸರಿಸಿ. ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕುವುದನ್ನು ನಿಲ್ಲಿಸಿ; ಒಮ್ಮೆ ಒಗೆದ ಬಟ್ಟೆಗಳಿಂದ ಲೀಟರುಗಟ್ಟಲೆ ನೀರು ಗಾಳಿಗೆ ಸೇರುತ್ತದೆ. ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿ. ಈ ಬದಲಾವಣೆಗಳೊಂದಿಗೆ ಒಂದು ವಾರ ಹೈಗ್ರೋಮೀಟರಿನ ಅಂಕಿಯನ್ನು ಬೆಳಿಗ್ಗೆ ಮತ್ತು ರಾತ್ರಿ ಬರೆದಿಡಿ. ಶೇಕಡಾ 60ಕ್ಕಿಂತ ಕೆಳಗಿರಬೇಕು, 30ರಿಂದ 50ರ ನಡುವೆ ಇದ್ದರೆ ಇನ್ನೂ ಒಳ್ಳೆಯದು.

ಕಿಟಕಿ ತೆರೆದಿಡಿ ಎಂಬ ಸಲಹೆಯನ್ನು ಯೋಚಿಸಿ ಪಾಲಿಸಬೇಕು. ಹೊರಗೆ ಚಳಿಯಿದ್ದು ಒಳಗೆ ಬೆಚ್ಚಗಿದ್ದರೆ ಕಿಟಕಿ ತೆರೆದ ಹತ್ತು ನಿಮಿಷದಲ್ಲಿ ಆರ್ದ್ರತೆ ಇಳಿಯುತ್ತದೆ, ಏಕೆಂದರೆ ಚಳಿಯ ಗಾಳಿಯಲ್ಲಿ ಆವಿ ಕಡಿಮೆ. ಹೊರಗೆ ಬಿಸಿಯೂ ತೇವವೂ ಆದ ಗಾಳಿಯಿದ್ದು ಒಳಗಿನ ಗೋಡೆ ತಣ್ಣಗಿದ್ದರೆ, ತೆರೆದ ಕಿಟಕಿಯೇ ಗೋಡೆಗೆ ನೀರು ತಂದು ಸುರಿದಂತೆ. ಅಂತಹ ದಿನಗಳಲ್ಲಿ ಕಿಟಕಿ ಮುಚ್ಚಿ, ಫ್ಯಾನಿನಿಂದ ಕೋಣೆಯ ಗಾಳಿಯನ್ನು ಆಡಿಸಿ, ಅಂಕಿ ಇಳಿಯದಿದ್ದರೆ ತೇವ ಹೀರುವ ಯಂತ್ರವನ್ನು ಬಳಸುವುದೇ ಸರಿ.

ಬಚ್ಚಲುಮನೆಯ ಚಾವಣಿ ಮತ್ತು ಟೈಲ್ಸಿನ ಸಂದುಗಳು ಕಪ್ಪಾಗಿವೆ

ಒಂದು ತೆಳು ಕಾಗದದ ಕರವಸ್ತ್ರವನ್ನು ಓಡುತ್ತಿರುವ ಎಕ್ಸಾಸ್ಟ್ ಫ್ಯಾನಿನ ಜಾಲರಿಗೆ ಹಿಡಿದು ಕೈಬಿಡಿ. ಅದು ಅಲ್ಲೇ ಅಂಟಿ ನಿಂತರೆ ಫ್ಯಾನು ಗಾಳಿ ಎಳೆಯುತ್ತಿದೆ. ಜಾರಿ ಬಿದ್ದರೆ ಧೂಳು ಕಟ್ಟಿದೆ, ಇಲ್ಲವೇ ಒಳಬರುವ ಗಾಳಿಗೆ ದಾರಿಯಿಲ್ಲ. ಬಾಗಿಲಿನ ಕೆಳಗೆ ಒಂದು ಬೆರಳಿನಷ್ಟಾದರೂ ಸಂದು ಇರದಿದ್ದರೆ ಎಷ್ಟು ಒಳ್ಳೆಯ ಫ್ಯಾನೂ ಆವಿಯನ್ನು ಹೊರಹಾಕಲಾರದು. ಫ್ಯಾನು ಆವಿಯನ್ನು ನಿಜವಾಗಿ ಕಟ್ಟಡದ ಹೊರಗೇ ಬಿಡುತ್ತಿದೆಯೇ ಎಂಬುದನ್ನೂ ನೋಡಿ. ಹುಸಿಚಾವಣಿಯ ಒಳಗೆ ಬಿಡುತ್ತಿದ್ದರೆ ಬೂಸ್ಟನ್ನು ಇನ್ನೊಂದು ಜಾಗಕ್ಕೆ ಸಾಗಿಸಿದಂತಾಗುತ್ತದೆ. ಸ್ನಾನ ಮುಗಿದ ಮೇಲೆ ಇನ್ನೂ 20ರಿಂದ 30 ನಿಮಿಷ ಅದು ಓಡಲಿ, ಗೋಡೆಯ ಮೇಲೆ ನಿಂತ ನೀರನ್ನು ರಬ್ಬರ್ ಪಟ್ಟಿಯಿಂದ ಎಳೆದುಬಿಡಿ.

ಸಂದು ತುಂಬಿದ ಸಿಲಿಕೋನಿನ ಒಳಗೇ ಕಪ್ಪು ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕತ್ತರಿಸಿ ತೆಗೆದು, ಜಾಗವನ್ನು ಪೂರ್ತಿ ಒಣಗಿಸಿ ಹೊಸದು ತುಂಬಬೇಕು.

ಗೋಡೆಯಲ್ಲಿ ಹಳದಿ ಅಂಚಿನ ಒದ್ದೆ ಕಲೆ, ಬಣ್ಣ ಗುಳ್ಳೆಯೇಳುತ್ತಿದೆ

ಇಲ್ಲಿ ನೀರು ಗೋಡೆಯೊಳಗಿನಿಂದ ಬರುತ್ತಿರುವ ಸಾಧ್ಯತೆ ಹೆಚ್ಚು, ಆದರೂ ಊಹೆಯನ್ನು ಪರೀಕ್ಷಿಸಿಯೇ ಮುಂದುವರಿಯಬೇಕು. ಕಲೆಯ ಮೇಲ್ಮೈಯನ್ನು ಒಣಗಿಸಿ, ಒಂದು ಅಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಗಾಳಿ ತೂರದಂತೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಆವಿ, ಮೂಲೆಗಳ ಕಪ್ಪು ಚುಕ್ಕೆಗಳ ಭಾಗಕ್ಕೆ ಹಿಂತಿರುಗಿ. ಗೋಡೆಗೆ ತಾಗಿದ ಒಳಮೈ ಒದ್ದೆಯಾಗಿದ್ದರೆ ನೀರು ಗೋಡೆಯದ್ದು.

ಮುಂದಿನ ಸಾಧನ ಪೆನ್ಸಿಲ್. ಕಲೆಯ ಅಂಚನ್ನು ಗುರುತಿಸಿ ಪಕ್ಕದಲ್ಲಿ ದಿನಾಂಕ ಬರೆಯಿರಿ. ಮಳೆ ಬಿದ್ದ ದಿನ, ತೊಟ್ಟಿ ತುಂಬಿದ ದಿನ, ಮೇಲಿನ ಅಥವಾ ಪಕ್ಕದ ಬಚ್ಚಲು ಬಳಕೆಯಾದ ಸಮಯ ಇವನ್ನೂ ಬರೆದಿಡಿ. ನಾನು ಒಂದು ಮಲಗುವ ಕೋಣೆಯ ಗೋಡೆಗೆ ಎರಡು ಬಾರಿ ಬಣ್ಣ ಹೊಡೆಸಿದ ಮೇಲೆ ಈ ಪಾಠ ಕಲಿತೆ. ಮಳೆ ನಿಂತು ಮೂರು ವಾರವಾದರೂ ಗೆರೆ ಹೊರಕ್ಕೆ ಸರಿಯುತ್ತಲೇ ಇತ್ತು, ಕೊನೆಗೆ ಗೋಡೆಯ ಮತ್ತೊಂದು ಬದಿಯಲ್ಲಿ ನಲ್ಲಿಯ ಕೊಳವೆಯ ಜೋಡಣೆಯೊಂದು ಹನಿಹನಿಯಾಗಿ ಜಿನುಗುತ್ತಿರುವುದು ಪತ್ತೆಯಾಯಿತು.

ಮಳೆಯಾದ ಕೆಲವು ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಕಲೆ ಹಿಗ್ಗಿದರೆ ತಾರಸಿ, ಹೊರಗೋಡೆಯ ಬಿರುಕು, ಕಿಟಕಿಯ ಚೌಕಟ್ಟಿನ ಸಂದು, ಮಳೆನೀರಿನ ಕೊಳವೆ ಇವು ಸಂಶಯಾಸ್ಪದ. ಮೊದಲು ತಾರಸಿಯ ನೀರುಗಂಡಿಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿದೆಯೇ ನೋಡಿ. ಎಷ್ಟೋ ಸೋರಿಕೆಗಳು ಅಲ್ಲೇ ಮುಗಿಯುತ್ತವೆ. ಚಪ್ಪಡಿಯ ಒಳಗೆ ನೀರು ಅಡ್ಡ ಹರಿಯುವುದರಿಂದ ಕಲೆ ಕಂಡ ಜಾಗದ ನೇರ ಮೇಲೆಯೇ ಬಿರುಕಿರಬೇಕೆಂದಿಲ್ಲ. ಹೊರಗೋಡೆಯನ್ನು ಪರೀಕ್ಷಿಸಲು ಕೊಳವೆಯಿಂದ ನೀರನ್ನು ಕೆಳಗಿನಿಂದ ಆರಂಭಿಸಿ, ಒಂದೊಂದು ಭಾಗಕ್ಕೆ ಹತ್ತು ಹದಿನೈದು ನಿಮಿಷ ಬಿಡುತ್ತಾ ಮೇಲಕ್ಕೆ ಹೋಗಬೇಕು, ಒಳಗೊಬ್ಬರು ನೋಡುತ್ತಿರಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು ಯಾವುದು ತಪ್ಪಿತಸ್ಥ ಎಂಬುದು ತಿಳಿಯುವುದಿಲ್ಲ. ಏಣಿ ಹತ್ತಿ ಒಬ್ಬರೇ ಈ ಕೆಲಸ ಮಾಡಬೇಡಿ.

ಮಳೆಗೂ ಕಲೆಗೂ ಸಂಬಂಧವಿಲ್ಲದಿದ್ದರೆ ಕೊಳವೆಯನ್ನು ಶಂಕಿಸಿ. ಎಲ್ಲ ನಲ್ಲಿಗಳನ್ನು ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದು ಎರಡು ಗಂಟೆ ಯಾರೂ ನೀರು ಬಳಸದಂತೆ ನೋಡಿಕೊಳ್ಳಿ, ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ. ತೊಟ್ಟಿಯಿಂದ ನೀರು ಬರುವ ಮನೆಯಲ್ಲಿ ತೊಟ್ಟಿ ತುಂಬಿಸುವ ಕೊಳವೆಯನ್ನು ಮುಚ್ಚಿ, ನೀರಿನ ಮಟ್ಟ ಗುರುತಿಸಿ ಇದನ್ನೇ ಮಾಡಬಹುದು. ಶೌಚಾಲಯದ ಫ್ಲಶ್ ತೊಟ್ಟಿ ಒಳಗೊಳಗೇ ಸೋರಿದರೂ ಅಂಕಿ ಸರಿಯುತ್ತದೆ, ಅದನ್ನು ಮೊದಲು ಪರಿಶೀಲಿಸಿ. ಅಂಕಿ ಸರಿಯದಿದ್ದರೂ ನೆಮ್ಮದಿ ಬೇಡ: ಮೋರಿಯ ಕೊಳವೆ ಒಡೆದಿದ್ದರೆ ಮೀಟರಿಗೆ ಅದು ತಿಳಿಯುವುದಿಲ್ಲ, ಬಚ್ಚಲು ಬಳಸಿದ ಮೇಲೆ ಮಾತ್ರ ಕಲೆ ಹಿಗ್ಗುವುದರಿಂದ ಅದನ್ನು ಗುರುತಿಸಬೇಕು.

ನೆಲಕ್ಕೆ ತಾಗಿದಂತೆ, ಸುಮಾರು ಒಂದು ಮೀಟರ್ ಎತ್ತರದವರೆಗೆ ಮಾತ್ರ ತೇವವಿದ್ದು ಮೇಲಂಚಿನಲ್ಲಿ ಲವಣದ ಗೆರೆಯಿದ್ದರೆ ಅದು ಅಡಿಪಾಯದಿಂದ ಏರುತ್ತಿರುವ ತೇವ. ಹೊರಗೆ ಮಣ್ಣೋ ಅಂಗಳದ ಗಾರೆಯೋ ಒಳಗಿನ ನೆಲದ ಮಟ್ಟಕ್ಕಿಂತ ಮೇಲೆ ಬಂದಿದೆಯೇ, ನೀರು ಗೋಡೆಯ ಕಡೆಗೆ ಹರಿಯುತ್ತಿದೆಯೇ ನೋಡಿ. ಮಣ್ಣು ತೆಗೆದು ಇಳಿಜಾರನ್ನು ಹೊರಮುಖ ಮಾಡುವುದು ಮೊದಲ ಚಿಕಿತ್ಸೆ. ಲವಣ ತುಂಬಿದ ಇಂತಹ ಗೋಡೆಯಲ್ಲಿ ಬೂಸ್ಟು ಅಷ್ಟಾಗಿ ಬೆಳೆಯುವುದಿಲ್ಲ. ಹೀಗಾಗಿ ಗೋಡೆಯ ಬುಡದಲ್ಲಿ ದಟ್ಟ ಬೂಸ್ಟು ಕಂಡರೆ ಆವಿಯನ್ನೋ ಸೋರಿಕೆಯನ್ನೋ ಮತ್ತೊಮ್ಮೆ ಪರಿಶೀಲಿಸುವುದು ಒಳಿತು.

ಎಸಿ ಚಾಲೂ ಮಾಡಿದಾಗ ವಾಸನೆ, ಅದರ ಬಾಯಲ್ಲಿ ಕಪ್ಪು ಚುಕ್ಕೆ

ಶೋಧಕವನ್ನು ತೊಳೆದು ಒಣಗಿಸಿ ಹಾಕಿ, ನೀರು ಹೊರಹೋಗುವ ಕೊಳವೆ ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಸಿ ಓಡುತ್ತಿದ್ದರೂ ಹೊರಗಿನ ತುದಿಯಿಂದ ಹನಿ ಬೀಳದಿದ್ದರೆ, ಆ ನೀರು ಒಳಗೇ ನಿಂತಿರಬಹುದು. ಕೋಣೆಯನ್ನು ಅತಿಯಾಗಿ ತಣ್ಣಗಾಗಿಸಿದರೆ ಅದಕ್ಕೆ ಅಂಟಿದ ಪಕ್ಕದ ಕೋಣೆಯ ಗೋಡೆ ಬೆವರಿ ಅಲ್ಲಿ ಬೂಸ್ಟು ಹಿಡಿಯುತ್ತದೆ ಎಂಬುದನ್ನೂ ನೆನಪಿಡಿ. ಸುರುಳಿಯೊಳಗೇ ಬೆಳವಣಿಗೆ ಇದ್ದರೆ ದುರಸ್ತಿ ಬಲ್ಲವರೇ ಬಿಚ್ಚಿ ತೊಳೆಯಲಿ.

ಬಟ್ಟೆ, ಚರ್ಮದ ಚೀಲ, ಪುಸ್ತಕಗಳಿಗೆ ಹಿಡಿದಿದ್ದರೆ

ಸಾಮಾನಿಗೆ ಹಿಡಿದ ಬೂಸ್ಟು ಕಪಾಟಿನ ಗಾಳಿಯ ಬಗ್ಗೆ ಹೇಳುತ್ತದೆ. ಹೈಗ್ರೋಮೀಟರನ್ನು ಒಂದು ರಾತ್ರಿ ಕಪಾಟಿನೊಳಗಿಟ್ಟು ಬಾಗಿಲು ಮುಚ್ಚಿ. ಒಳಗಿನ ಅಂಕಿ ಕೋಣೆಗಿಂತ ಬಹಳ ಹೆಚ್ಚಿದ್ದರೆ ಕಪಾಟಿನ ಹಿಂದಿನ ಗೋಡೆಯೇ ಒದ್ದೆಯಾಗಿರಬಹುದು. ಎರಡೂ ಒಂದೇ ಆಗಿದ್ದರೆ ಕೋಣೆಯನ್ನೇ ಒಣಗಿಸಬೇಕು. ಪುಸ್ತಕಗಳನ್ನು ಮನೆಯ ಹೊರಗೆ ಒಣಗಲು ಬಿಟ್ಟು, ಪೂರ್ತಿ ಆರಿದ ಮೇಲೆ ಮೆತ್ತನೆಯ ಕುಂಚದಿಂದ ನಿಮ್ಮಿಂದ ಆಚೆಗೆ ಸವರಿ. ಒದ್ದೆಯಿರುವಾಗ ಉಜ್ಜಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ.

ನೀರಿನ ದಾರಿ ಮುಚ್ಚಿದ ಮೇಲೆ ಸ್ವಚ್ಛಗೊಳಿಸುವುದು

ಬೆಳವಣಿಗೆ ಒಟ್ಟು ಒಂದು ಚದರ ಮೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮನೆಯವರೇ ತೆಗೆಯಬಹುದು. ಎನ್95 ಮುಖಗವಸು, ರಬ್ಬರ್ ಕೈಗವಸು, ಗಾಳಿಕಂಡಿಯಿಲ್ಲದ ಕನ್ನಡಕ ಧರಿಸಿ. ಕೋಣೆಯ ಬಾಗಿಲು ಮುಚ್ಚಿ ಕಿಟಕಿ ತೆರೆಯಿರಿ. ಒಣಗಿದ ಬೂಸ್ಟನ್ನು ಗುಡಿಸುವುದಾಗಲಿ ಕೆರೆಯುವುದಾಗಲಿ ಬೇಡ, ಫ್ಯಾನನ್ನೂ ಹಾಕಬೇಡಿ. ಬೀಜಕಣಗಳು ಮನೆತುಂಬ ಹರಡುತ್ತವೆ. ಟೈಲ್ಸ್, ಗಾಜು, ಲೋಹ, ಗಟ್ಟಿ ಬಣ್ಣದ ಮೇಲ್ಮೈಗಳಿಗೆ ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯೇ ಸಾಕು. ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ, ಜಾಗವನ್ನು ಅಂದೇ ಒಣಗಿಸಿ.

ಬ್ಲೀಚ್ ಪ್ರತಿಸಲ ಬೇಕಾಗುವುದಿಲ್ಲ. ಬಳಸಲೇಬೇಕೆನಿಸಿದರೆ ಒಂದು ಭಾಗಕ್ಕೆ 16 ಭಾಗ ನೀರು ಬೆರೆಸಿ, ನೀರು ಹೀರದ ಮೇಲ್ಮೈಗೆ ಮಾತ್ರ ಬಳಸಿ. ಬ್ಲೀಚನ್ನು ಅಮೋನಿಯಾ, ವಿನೆಗರ್ ಅಥವಾ ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದಿಗೂ ಬೆರೆಸಬೇಡಿ. ಹುಟ್ಟುವ ವಿಷಾನಿಲ ಶ್ವಾಸಕೋಶಕ್ಕೆ ಗಾಯ ಮಾಡುತ್ತದೆ. ನೀರು ಹೀರಿದ ಹಾಸಿಗೆ, ಜಿಪ್ಸಂ ಹಲಗೆ, ನೆಲಗಂಬಳಿಗಳಲ್ಲಿ ಬೂಸ್ಟು ಒಳಕ್ಕೆ ಇಳಿದಿದ್ದರೆ ಅವನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು. ಹೊಸದಾಗಿ ನೀರು ನುಗ್ಗಿದಾಗ 24ರಿಂದ 48 ಗಂಟೆಗಳೊಳಗೆ ಎಲ್ಲವನ್ನೂ ಒಣಗಿಸಿದರೆ ಈ ಸ್ಥಿತಿಯೇ ಬಹುತೇಕ ಬರುವುದಿಲ್ಲ. ಒದ್ದೆ ಗೋಡೆಗೆ ಬಣ್ಣ ಬಳಿಯಬೇಡಿ. ದಪ್ಪ ಗೋಡೆ ಪೂರ್ತಿ ಆರಲು ತಿಂಗಳುಗಳೇ ಹಿಡಿಯುತ್ತವೆ.

ಇಲ್ಲಿಗೆ ನಿಲ್ಲಿಸಿ, ನೆರವು ಪಡೆಯಿರಿ

ಗೋಡೆ ಮುಟ್ಟಿದಾಗ ಜುಮ್ಮೆಂದರೆ ಅಥವಾ ಸ್ವಿಚ್ಚಿನ ಸುತ್ತ ತೇವವಿದ್ದರೆ ಆ ಗೋಡೆಯಿಂದ ದೂರ ಸರಿದು, ಒಣಗಿದ ಜಾಗದಲ್ಲಿ ನಿಂತು ಮುಖ್ಯ ಸ್ವಿಚ್ ಆರಿಸಲು ಸಾಧ್ಯವಿದ್ದರೆ ಮಾತ್ರ ಆರಿಸಿ, ಎಲೆಕ್ಟ್ರೀಷಿಯನ್ನರನ್ನು ಕರೆಸಿ. ಚಾವಣಿ ಜೋತುಬಿದ್ದಿದ್ದರೆ, ಕಾಂಕ್ರೀಟು ಸಿಡಿದು ತುಕ್ಕುಹಿಡಿದ ಕಂಬಿ ಕಾಣುತ್ತಿದ್ದರೆ ಆ ಕೋಣೆಯನ್ನು ಬಳಸಬೇಡಿ, ಕಟ್ಟಡದ ಎಂಜಿನಿಯರ್ ನೋಡಬೇಕು. ಕೊಳಚೆ ನೀರು ನುಗ್ಗಿದ್ದರೆ, ಬೆಳವಣಿಗೆ ಒಂದು ಚದರ ಮೀಟರನ್ನು ಮೀರಿದ್ದರೆ, ಹಳೆಯ ಕಟ್ಟಡದಲ್ಲಿ ಕಲ್ನಾರಿನ ಹಾಳೆಯನ್ನೋ ಸೀಸದ ಬಣ್ಣವನ್ನೋ ಕೆರೆಯಬೇಕಾಗಿ ಬಂದರೆ ತರಬೇತಿ ಪಡೆದವರಿಗೆ ಬಿಡಿ. ಉಬ್ಬಸ ಅಥವಾ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಸಣ್ಣ ಕಲೆಯನ್ನೂ ತಾವೇ ತೆಗೆಯಬಾರದು, ತೆಗೆಯುವಾಗ ಹತ್ತಿರವೂ ಇರಬಾರದು. ಮನೆಯಲ್ಲಿದ್ದಾಗ ಕೆಮ್ಮು, ಉಬ್ಬಸ ಹೆಚ್ಚಿ, ಹೊರಗೆ ಹೋದಾಗ ತಗ್ಗುತ್ತಿದ್ದರೆ ಆ ವ್ಯತ್ಯಾಸವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ದುರಸ್ತಿಯ ನಂತರವೂ ಹಳೆಯ ಪೆನ್ಸಿಲ್ ಗೆರೆಯನ್ನು ಅಳಿಸಬೇಡಿ. ತಿಂಗಳಿಗೊಮ್ಮೆ ಅದರ ಪಕ್ಕದಲ್ಲಿ ದಿನಾಂಕ ಬರೆದು, ಅಲ್ಯೂಮಿನಿಯಂ ಹಾಳೆಯನ್ನು ಮತ್ತೆ ಎರಡು ದಿನ ಅಂಟಿಸಿ ನೋಡಿ. ಒಂದು ಪೂರ್ತಿ ಮಳೆಗಾಲ ಕಳೆದರೂ ಹಾಳೆಯ ಒಳಮೈ ಒಣಗಿಯೇ ಇದ್ದು, ಗೆರೆಯ ಆಚೆ ಹೊಸ ಚುಕ್ಕೆ ಮೂಡದಿದ್ದರೆ, ಆಗ ಬಣ್ಣದ ಡಬ್ಬಿಯನ್ನು ತೆರೆಯಬಹುದು.